ಒಳಗೆ ಬಿಟ್ಟ ಬಟ್ಟೆ

ನನ್ನ ಇಬ್ಬರು ಮೊಮ್ಮಕ್ಕಳೂ ಬಂದುಬಿಟ್ಟರು. ಇವತ್ತು ಮಧ್ಯಾಹ್ನ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಬಾಗಿಲು ಸರಿದು ತೆರೆದುಕೊಂಡಿತು. ದೊಡ್ಡವನು ಮುಂದೆ, ಅವನ ಕೋಟಿನ ತುದಿ ಹಿಡಿದುಕೊಂಡು ಚಿಕ್ಕವನು ಹಿಂದೆ, ಇಬ್ಬರ ಹಿಂದೆ ತಲೆಗೆ ಮಫ್ಲರ್ ಸುತ್ತಿಕೊಂಡ ನಮ್ಮ ಬೀಗರು. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಮೂರು ವರ್ಷದಿಂದ ಎದೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿತ್ತು. ಇವತ್ತು ಯಾರೋ ಅದನ್ನು ಎತ್ತಿ ಪಕ್ಕಕ್ಕಿಟ್ಟರು.

ಮಕ್ಕಳು ಈಗ ಒಳಗಿನ ರೂಮಿನಲ್ಲಿ ಅವರಮ್ಮನ ಎರಡು ಮಗ್ಗುಲಿಗೂ ಮಲಗಿ ನಿದ್ದೆ ಹೋಗಿದ್ದಾರೆ. ಎರಡು ಸಲ ಬಾಗಿಲು ಸರಿಸಿ ನೋಡಿ ಬಂದೆ. ಮತ್ತೆ ಎದ್ದಾಗ ನಮ್ಮ ಮನೆಯವಳು ಗೌರಮ್ಮ ಸೌಟು ತೋರಿಸಿ, "ಇನ್ನೆಲ್ಲೂ ಓಡಿಹೋಗಲ್ಲ, ಬಿಡಿ. ಮಕ್ಕಳು ಮಲಗಲಿ" ಎಂದಳು. ಅದಕ್ಕೇ ಅಡುಗೆಮನೆಯ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನನ್ನ ಕೆಲಸದ ಅನುಭವ ಬರೆದುಕೊಡಿ ಎಂದು ಇಲ್ಲಿನ ಕನ್ನಡದವರು ಕೇಳಿ ಬಹಳ ದಿನವಾಯಿತು. ನಮ್ಮ ಕಡೆಯಿಂದ ಹೊಲಿಗೆ ಕೆಲಸಕ್ಕೆ ಹೊಸ ಹುಡುಗರು ಬರುತ್ತಿದ್ದಾರೆ, ಅವರಿಗೆ ಉಪಯೋಗವಾಗುತ್ತದೆ ಎಂದರು. ನಾನು ಓದಿದ್ದು ನಾಲ್ಕನೆ ಕ್ಲಾಸು. ಸೂಜಿ ಹಿಡಿದ ಬೆರಳಿಗೆ ಪೆನ್ನು ಒಗ್ಗಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಪೆನ್ನು ತಾನೇ ಓಡುತ್ತಿದೆ. ಹುಡುಗರೇ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ನಮ್ಮದು ಶ್ರೀರಂಗಪಟ್ಟಣ. ನಮ್ಮಪ್ಪ ಮೈಸೂರಿನ ಅರಮನೆ ಬ್ಯಾಂಡಿನವರಿಗೆ ಉಡುಪು ಹೊಲಿಯುತ್ತಿದ್ದರು, ನಾನು ಕಲಿತದ್ದು ಅವರ ಕೈಕೆಳಗೆ. ಗೌರಮ್ಮನ ತಮ್ಮ ಇಲ್ಲಿ ನ್ಯೂಯಾರ್ಕಿನ ಪಕ್ಕದ ನ್ಯೂವಾರ್ಕಿನಲ್ಲಿ ಡಾಕ್ಟರು. ಅವನ ಹತ್ತಿರ ಔಷಧಿಗೆ ಬರುತ್ತಿದ್ದ ಸ್ಯಾಲ್ ಎಂಬಾತನಿಗೆ ನಾಟಕದವರ ಉಡುಪು, ಬ್ಯಾಂಡಿನವರ ಉಡುಪು ಹೊಲಿಯುವ ವರ್ಕ್‌ಶಾಪು ಇತ್ತು. ಅವರಪ್ಪ ಇಟಲಿಯಿಂದ ಬಂದ ದರ್ಜಿ. ಕೈಯಲ್ಲಿ ಕಾಜ ಹಾಕುವವರು ಇಲ್ಲಿ ಸಿಕ್ಕುವುದೇ ಇಲ್ಲ ಎಂದು ಸ್ಯಾಲ್ ಕೊರಗಿದಾಗ ನನ್ನ ಭಾವಮೈದ, ನಮ್ಮ ಭಾವ ಇದ್ದಾರೆ ಎಂದನಂತೆ. ಅರವತ್ತರ ದಶಕ ಮುಗಿಯುತ್ತಾ ಇತ್ತು. ಕೈಕೆಲಸ ಬಲ್ಲವರಿಗೂ ಆಗ ವೀಸಾ ಸಿಕ್ಕುತ್ತಿತ್ತು. ನಾನೂ ಗೌರಮ್ಮನೂ ಬಂದು ಹ್ಯಾರಿಸನ್‌ನಲ್ಲಿ ಮನೆ ಮಾಡಿದೆವು. ಸೇತುವೆ ದಾಟಿದರೆ ನ್ಯೂವಾರ್ಕು. ಚಳಿಗಾಲದಲ್ಲಿ ಆ ಸೇತುವೆಯ ಮೇಲೆ ನಡೆದರೆ ಮೂಗು ಮುಖದ ಮೇಲೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಿತ್ತು.

ನನ್ನ ಹೆಸರು ನಂಜುಂಡಪ್ಪ. ಸ್ಯಾಲ್ ಒಂದು ಸಲ ಕೇಳಿ, ತಲೆ ಅಲ್ಲಾಡಿಸಿ, ತನ್ನ ಚಿಕ್ಕಪ್ಪನ ಹೆಸರು ಹತ್ತಿರ ಬರುತ್ತದೆ ಎಂದು 'ನುನ್ಸಿಯೊ' ಮಾಡಿಬಿಟ್ಟ. ಅವತ್ತಿನಿಂದ ನಿವೃತ್ತಿಯಾಗುವ ತನಕ ನಾನು ನುನ್ಸಿಯೊ.

ಮೊದಲ ಜಗಳ ಆದದ್ದು ಒಳಗೆ ಬಟ್ಟೆ ಬಿಡುವ ವಿಷಯಕ್ಕೆ. ನಮ್ಮ ಕಡೆ ಹೇಗೆ ಹೊಲಿಯುತ್ತೇವೆ ಎಂದು ನಿಮಗೆ ಗೊತ್ತು. ಅಳತೆಗಿಂತ ಹೆಚ್ಚಾಗಿ ಒಳಗೆ ಬಟ್ಟೆ ಬಿಟ್ಟು ಮಡಿಚಿರುತ್ತೇವೆ. ಹುಡುಗ ಬೆಳೆದರೆ, ಮದುಮಗ ದಪ್ಪಗಾದರೆ, ಅಣ್ಣನ ಅಂಗಿ ತಮ್ಮನಿಗೆ ಬಂದರೆ, ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು. ಸ್ಯಾಲ್ ನಾನು ಹೊಲಿದ ಪ್ಯಾಂಟನ್ನು ತಿರುಗಿಸಿ ನೋಡಿ, ಕತ್ತರಿ ತೆಗೆದುಕೊಂಡು ಆ ಬಟ್ಟೆಯನ್ನೆಲ್ಲ ಕತ್ತರಿಸಿ ಬುಟ್ಟಿಗೆ ಹಾಕಿದ. ಇಲ್ಲಿ ಬಟ್ಟೆ ಬೆಳೆಯುವುದಿಲ್ಲ ನುನ್ಸಿಯೊ, ಜನ ಹೊಸದು ಕೊಳ್ಳುತ್ತಾರೆ ಎಂದ. ಆ ಕತ್ತರಿಯ ಸದ್ದು ನನ್ನ ಚರ್ಮದ ಮೇಲೇ ಹೋದ ಹಾಗಾಯಿತು. ಆಮೇಲೂ ನಾನು ಬಿಡುತ್ತಲೇ ಇದ್ದೆ, ಅವನು ಕತ್ತರಿಸುತ್ತಲೇ ಇದ್ದ. ಹೀಗೇ ಕೆಲವು ವರ್ಷ ನಡೆಯಿತು.

ಇನ್ನೊಂದು ಎಡವಟ್ಟು ಹೇಳುತ್ತೇನೆ, ಕಲಿತುಕೊಳ್ಳಿ. ಒಂದು ನಾಟಕಕ್ಕೆ ರಾಜನ ಕೋಟು ಹೊಲಿಯಲು ಕೊಟ್ಟರು. ನಾನು ಕಾಜ ಹಾಕಿ, ಗುಂಡಿಗಳನ್ನು ದಾರ ಸುತ್ತಿ ಸುತ್ತಿ ಕಲ್ಲಿನ ಹಾಗೆ ಕೂರಿಸಿದೆ. ಆದರೆ ಅದೇ ನಟ ಮುಂದಿನ ದೃಶ್ಯಕ್ಕೆ ಭಿಕ್ಷುಕನಾಗಿ ಬರಬೇಕು. ಕತ್ತಲಲ್ಲಿ ನಿಂತು ಎಷ್ಟು ಎಳೆದರೂ ನನ್ನ ಗುಂಡಿ ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ರಾಜನ ಕೋಟಿನಲ್ಲೇ ಬಂದು ಭಿಕ್ಷೆ ಬೇಡಿದ, ಜನ ಬಿದ್ದು ಬಿದ್ದು ನಕ್ಕರು. ಅಂಥ ಕೋಟಿಗೆ ಗುಂಡಿ ಮೇಲೆ ಅಲಂಕಾರಕ್ಕೆ ಮಾತ್ರ. ಒಳಗೆ ಕೊಕ್ಕೆ ಇರಬೇಕು, ಒಂದೇ ಎಳೆತಕ್ಕೆ ಬಿಡಬೇಕು ಎಂದು ಅವತ್ತು ಗೊತ್ತಾಯಿತು. ಗಟ್ಟಿಯಾಗಿ ಹೊಲಿಯುವುದೇ ಒಳ್ಳೆ ಹೊಲಿಗೆ ಎಂದು ನಮ್ಮಪ್ಪ ಹೇಳಿಕೊಟ್ಟಿದ್ದರು. ಯಾರಿಗೆ, ಯಾತಕ್ಕೆ ಎಂದು ಕೇಳಿಕೊಂಡು ಹೊಲಿಯುವುದೇ ಒಳ್ಳೆ ಹೊಲಿಗೆ ಎಂದು ಸ್ಯಾಲ್ ಕಲಿಸಿದ.

ಆಮೇಲೆ ಅಂಟಿನ ಬಟ್ಟೆ ಬಂತು. ಮೊದಲೆಲ್ಲ ಕೋಟಿನ ಎದೆಗೆ ಒಳಗಿನಿಂದ ಕ್ಯಾನ್ವಾಸು ಇಟ್ಟು, ಮೇಲೆ ಕಾಣದ ಹಾಗೆ ಕೈಯಲ್ಲಿ ಚುಚ್ಚಿ ಚುಚ್ಚಿ ಕೂರಿಸುತ್ತಿದ್ದೆವು. ಎಪ್ಪತ್ತರ ನಂತರ ಅಂಟು ಹಚ್ಚಿದ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿದರೆ ಮುಗಿಯಿತು. ನನಗೆ ಅದು ಕೆಲಸವೇ ಅಲ್ಲ ಅನ್ನಿಸಿತು. ಆದರೆ ಬೆರಳಿನ ನೋವು ಹೋದದ್ದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಮಕ್ಕಳ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಮಗೆ ಒಬ್ಬಳೇ ಮಗಳು, ಸಾವಿತ್ರಿ. ಊರಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ರಂಗಪ್ಪನವರ ಮಗ ಮಂಜುನಾಥನಿಗೆ ಕೊಟ್ಟಿದ್ದೆವು. ಸಾವಿತ್ರಿ ನರ್ಸ್ ಕೆಲಸ ಓದಿಕೊಂಡವಳು. ಇಲ್ಲಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದರು, ಅವಳಿಗೂ ಗಂಡನಿಗೂ ವೀಸಾ ಬಂತು. ಆಗ ದೊಡ್ಡವನಿಗೆ ಆರು ವರ್ಷ, ಚಿಕ್ಕವನಿಗೆ ನಾಲ್ಕು. ಮಕ್ಕಳನ್ನೂ ಕರೆದುಕೊಂಡು ಹೊರಡುತ್ತೇವೆ ಎಂದಾಗ ಬೀಗರು ಒಪ್ಪಲಿಲ್ಲ. ಅವರದೂ ಒಂದು ಮಾತು ಇತ್ತು. ಎಲ್ಲರೂ ಹೋದರೆ ಇರುವ ಒಬ್ಬ ಮಗ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಮಕ್ಕಳು ಇಲ್ಲಿದ್ದರೆ ಬಂದೇ ಬರುತ್ತಾನೆ ಎಂದು. ಒಂದು ಚಳಿಗಾಲ ಕಳೆಯಲಿ, ಮನೆ ಹೊಂದಿಸಿಕೊಂಡು ಕರೆಸಿಕೊಳ್ಳೋಣ ಎಂದು ಇವರಿಬ್ಬರೂ ಬಂದರು. ಚಳಿಗಾಲ ಕಳೆಯಿತು. ಮತ್ತೊಂದು ಬಂತು. ಈ ವರ್ಷ ಬೇಡ, ಪರೀಕ್ಷೆ ಇದೆ, ಈ ವರ್ಷ ಬೇಡ, ಚಿಕ್ಕವನಿಗೆ ಕೆಮ್ಮು ಎಂದು ಬೀಗರು ಮುಂದೂಡುತ್ತಲೇ ಹೋದರು.

ಗೌರಮ್ಮ ಇದಕ್ಕೆಲ್ಲ ಒಂದೇ ಪದ ಇಟ್ಟಳು. "ಒತ್ತೆ."

ಸಾವಿತ್ರಿ ಬರುವಾಗ ಎರಡು ದಾರ ತಂದಿದ್ದಳು. ಒಂದೊಂದು ದಾರದಲ್ಲೂ ಒಬ್ಬೊಬ್ಬನ ಎತ್ತರಕ್ಕೆ, ಎದೆಗೆ, ತೋಳಿಗೆ ಗಂಟು ಹಾಕಿದ್ದಳು. ದರ್ಜಿಯ ಮಗಳಲ್ಲವೇ. ಅಪ್ಪ, ಇವರಿಗೆ ಏನಾದರೂ ಹೊಲಿದುಕೊಡು ಎಂದು ಕೊಟ್ಟಳು. ಒಂದು ದಿನ ಊರಿಗೆ ಟ್ರಂಕ್ ಕಾಲ್ ಹಾಕಿದಾಗ ಚಿಕ್ಕವನು ಫೋನು ಹಿಡಿದು, ಪೋಸ್ಟಾಫೀಸಿನಲ್ಲಿ ಎಲ್ಲರೂ ಆಪರೇಟರಿಗೆ ಹೇಳುವುದನ್ನು ಕೇಳಿಸಿಕೊಂಡಿದ್ದನೋ ಏನೋ, ತನ್ನ ತಾಯಿಗೆ "ಹಲೋ ಮೇಡಂ" ಅಂದ. ಸಾವಿತ್ರಿ ನಕ್ಕಳು. ಫೋನು ಇಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನಲ್ಲಿ ಬಹಳ ಹೊತ್ತು ಓಡುತ್ತಲೇ ಇತ್ತು.

ಆಗ ಬಂದದ್ದು ಜೋಳದ ಸಾಹೇಬನ ಕೋಟು.

ಎಪ್ಪತ್ತಾರರಲ್ಲಿ ಅಮೆರಿಕಕ್ಕೆ ಇನ್ನೂರು ವರ್ಷ ತುಂಬಿತು. ಊರೂರಿನಲ್ಲೂ ಇಂಗ್ಲಿಷರ ಜೊತೆಗಿನ ಹಳೆಯ ಯುದ್ಧವನ್ನು ವೇಷ ಹಾಕಿ ಆಡಿ ತೋರಿಸುವವರು ಎದ್ದರು. ಕೆಂಪು ಕೋಟಿಗೆ ಎಲ್ಲಿಲ್ಲದ ಬೇಡಿಕೆ. ಸ್ಯಾಲ್ ಒಂದು ಚಿತ್ರ ತಂದು ನನ್ನ ಮೇಜಿನ ಮೇಲೆ ಇಟ್ಟ. ಹೊಟ್ಟೆ ಮುಂದಕ್ಕೆ ಬಂದ ಒಬ್ಬ ಇಂಗ್ಲಿಷ್ ಜನರಲ್, ಒಂದು ಕಣ್ಣು ಸ್ವಲ್ಪ ಓರೆ. ಅವನ ಹೆಸರನ್ನು ಸ್ಯಾಲ್ ಓದಿ ಹೇಳಿದ. ಮೊದಲ ಅರ್ಧ ಇಂಗ್ಲಿಷಿನಲ್ಲಿ ಜೋಳ ಎಂದ ಹಾಗೆ. ನಾನು ಸೂಜಿ ಕೆಳಗಿಟ್ಟೆ. ನಾಲ್ಕನೆ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟದ್ದರಲ್ಲಿ ನನಗೆ ಉಳಿದಿರುವುದು ಮಗ್ಗಿ ಮತ್ತು ಈ ಹೆಸರು. ನಮ್ಮೂರ ಕೋಟೆಯ ಹತ್ತಿರ ಯುದ್ಧದ ಆಟ ಆಡುವಾಗ ನಾವು ಅವನನ್ನು ಜೋಳದ ಸಾಹೇಬ ಎನ್ನುತ್ತಿದ್ದೆವು. ಯಾವಾಗಲೂ ದಪ್ಪಗಿರುವ ಹುಡುಗನೇ ಆ ಪಾತ್ರ ಮಾಡಬೇಕು.

ಮನೆಗೆ ಬಂದು ಹೇಳಿದೆ. ಗೌರಮ್ಮ, "ಮಕ್ಕಳನ್ನ ಒತ್ತೆ ಇಟ್ಕೊಂಡೋನ ಕೋಟಾ? ಒಳಗೆ ಎರಡು ಸೂಜಿ ಮರೆತುಬಿಡಿ" ಎಂದಳು.

ನಾನು ಸೂಜಿ ಮರೆಯಲಿಲ್ಲ, ಬೇರೆ ತಪ್ಪು ಮಾಡಿದೆ. ಜನರಲ್ ಎಂದರೆ ದೊಡ್ಡವನು, ದೊಡ್ಡವನೆಂದರೆ ಜರತಾರಿ ಎಂದು ನಮ್ಮ ಅರಮನೆ ಬ್ಯಾಂಡಿನ ಮಾಸ್ಟರರ ಹಾಗೆ ಎದೆಯ ತುಂಬ ಚಿನ್ನದ ಪಟ್ಟಿ, ಎರಡು ಹೆಗಲಿಗೂ ಝಾಲರಿ, ತೋಳಿಗೆ ಬಳ್ಳಿ ಎಲ್ಲ ಹಾಕಿದೆ. ದಸರಾ ಮೆರವಣಿಗೆಗೆ ಆನೆಯೊಂದೇ ಕಡಿಮೆ. ಸ್ಯಾಲ್ ಬಹಳ ಹೊತ್ತು ನೋಡಿದ. ನುನ್ಸಿಯೊ, ಇವನು ಯುದ್ಧ ಸೋಲಲು ಬಂದವನು, ಹೋಟೆಲಿನ ಬಾಗಿಲು ತೆಗೆಯಲು ಅಲ್ಲ ಎಂದ. ಎಲ್ಲ ಬಿಚ್ಚಿ ಮತ್ತೆ ಹೊಲಿದೆ. ಕೆಂಪು ಉಣ್ಣೆ, ಎದೆಯ ಮೇಲೆ ನೀಲಿ ಮಡಿಕೆ, ಚಿನ್ನದ ಬಣ್ಣದ ಗುಂಡಿ, ಅಷ್ಟೆ. ಒಳಗೆ ಮಾತ್ರ, ಸ್ಯಾಲ್ ಊಟಕ್ಕೆ ಹೋದಾಗ, ನನ್ನ ಅಭ್ಯಾಸದ ಹಾಗೆ ಬಟ್ಟೆ ಬಿಟ್ಟು ಅಸ್ತರು ಮುಚ್ಚಿಬಿಟ್ಟೆ.

ಜನರಲ್ ವೇಷ ಹಾಕುವವನು ಹೋಬೋಕನ್‌ನಲ್ಲಿ ಬೇಕರಿ ಇಟ್ಟಿದ್ದ ಫ್ರ್ಯಾಂಕ್. ಅಳತೆಗೆ ಬಂದಾಗಲೆಲ್ಲ ಒಂದು ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಿದ್ದ. ತನ್ನ ಜನರಲ್ ಮೇಲೆ ಅವನಿಗೆ ಬಹಳ ಅಭಿಮಾನ. ನಾನು ಗುಂಡುಸೂಜಿ ಚುಚ್ಚುವಾಗ ಅವನ ಕಥೆ ಹೇಳುತ್ತಿದ್ದ. ಸ್ಕೂಲಿನಲ್ಲಿ ಹಾಕಿ ಆಡುವಾಗ ಏಟು ಬಿದ್ದು ಕಣ್ಣು ಓರೆಯಾಯಿತಂತೆ. ಇದೇ ಹಡ್ಸನ್ ದಂಡೆಯ ಕಡಿದಾದ ಬಂಡೆ ಹತ್ತಿ ಬಂದು ಕೋಟೆ ಹಿಡಿದನಂತೆ. ಇಡೀ ನ್ಯೂಜೆರ್ಸಿ ಉದ್ದಕ್ಕೂ ಅಮೆರಿಕದವರನ್ನು ಅಟ್ಟಿಸಿಕೊಂಡು ಹೋಗಿ, ಟ್ರೆಂಟನ್‌ನಲ್ಲಿ, ಇನ್ನೇನು, ಬೆಳಗ್ಗೆ ಹಿಡಿದರಾಯಿತು ಎಂದು ಮಲಗಿದನಂತೆ. ಅಮೆರಿಕದವರು ಬೆಂಕಿ ಉರಿಯುವ ಹಾಗೇ ಬಿಟ್ಟು, ತೋಪಿನ ಗಾಡಿಯ ಚಕ್ರಕ್ಕೆ ಚಿಂದಿ ಸುತ್ತಿ, ಸದ್ದಿಲ್ಲದೆ ಜಾರಿಕೊಂಡರಂತೆ. ಚಿಂದಿಯಿಂದ ಒಂದು ದೇಶ ಉಳಿಯಿತು ಎಂದು ಕೇಳಿ ದರ್ಜಿಯಾದ ನನಗೆ ಸಂತೋಷವಾಯಿತು. ಕೊನೆಗೆ ಸೋತು ಕತ್ತಿ ಒಪ್ಪಿಸುವ ದಿನ ಹುಷಾರಿಲ್ಲವೆಂದು ತನ್ನ ಕೈಕೆಳಗಿನವನನ್ನು ಕಳಿಸಿದನಂತೆ.

"ಆಮೇಲೆ ಮನೆಗೆ ಹೋದ. ದಿ ಎಂಡ್" ಎಂದ ಫ್ರ್ಯಾಂಕ್.

"ನೋ ಎಂಡ್," ಎಂದೆ ನಾನು. "ನಮ್ಮ ಊರಿಗೆ ಬಂದ."

ಫ್ರ್ಯಾಂಕ್ ತಿರುಗಿದ ರಭಸಕ್ಕೆ ಗುಂಡುಸೂಜಿ ಚುಚ್ಚಿತು. ಜನರಲ್ ನಮ್ಮೂರಿಗೆ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಅರ್ಧ ಜನ್ಮ, ನನಗೆ ಗೊತ್ತಿದ್ದದ್ದು ಇನ್ನರ್ಧ. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಇಲ್ಲಿ ಸೋತವನನ್ನು ಅವರ ರಾಜ ಕಲ್ಕತ್ತಕ್ಕೆ ದೊಡ್ಡ ಲಾಟ್ ಸಾಹೇಬನನ್ನಾಗಿ ಮಾಡಿ ಕಳಿಸಿದ. ಬಂಗಾಳದಲ್ಲಿ ಭೂಮಿಯ ಕಂದಾಯಕ್ಕೆ ಹೊಸ ಕಾನೂನು ತಂದ. ನಮ್ಮ ಪಟ್ಟಣಕ್ಕೆ ಮೊದಲ ಸಲ ಬಂದಾಗ ಮಳೆ ಹಿಡಿದು, ಎತ್ತುಗಳು ಮೇವಿಲ್ಲದೆ ಸತ್ತು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ವಾಪಸ್ಸು ಹೋದ. ಮರುವರ್ಷ ಮತ್ತೆ ಬಂದು ಮುತ್ತಿಗೆ ಹಾಕಿದ. ನಮ್ಮ ಸುಲ್ತಾನ ಅರ್ಧ ರಾಜ್ಯ ಬಿಟ್ಟುಕೊಟ್ಟ. ಒಪ್ಪಿದ್ದೆಲ್ಲ ತೀರಿಸುವ ತನಕ ಅವನ ಇಬ್ಬರು ಚಿಕ್ಕ ಮಕ್ಕಳನ್ನು ಈ ಜನರಲ್ ಒತ್ತೆ ಇಟ್ಟುಕೊಂಡ. ಡೇರೆಯ ಹತ್ತಿರ ಮಕ್ಕಳ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋಗಿ ಒಬ್ಬೊಬ್ಬನಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟನಂತೆ. ಎರಡು ವರ್ಷದ ಮೇಲೆ ವಾಪಸ್ಸು ಕಳಿಸಿದ.

ಫ್ರ್ಯಾಂಕ್ ಕನ್ನಡಿಯಲ್ಲಿ ತನ್ನ ಕೋಟನ್ನೇ ನೋಡುತ್ತಾ ನಿಂತ. ಅವನದು ಐರ್ಲೆಂಡಿನ ಮೂಲ. ಆಮೇಲೆ ಇದೇ ಜನರಲ್ ಅಲ್ಲಿಗೂ ಅಧಿಕಾರಿಯಾಗಿ ಹೋಗಿ ದಂಗೆ ಅಡಗಿಸಿದನಂತೆ. ಫ್ರ್ಯಾಂಕ್‌ನ ಅಜ್ಜಿ ಈ ಹೆಸರನ್ನು ಮನೆಯೊಳಗೆ ಹೇಳಲು ಬಿಡುತ್ತಿರಲಿಲ್ಲವಂತೆ. ಮುದುಕನಾದ ಮೇಲೆ ಆ ಜನರಲ್‌ನನ್ನು ಮತ್ತೆ ನಮ್ಮ ದೇಶಕ್ಕೇ ಕಳಿಸಿದರು, ಗಂಗೆಯ ದಡದಲ್ಲಿ ಸತ್ತ. ಅವನ ಹೆಂಡತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು, ಎರಡು ಎಳೆ ಮಕ್ಕಳನ್ನು ಊರಲ್ಲಿ ಬಿಟ್ಟು ಅವನು ಮತ್ತೆ ಇಲ್ಲಿನ ಯುದ್ಧಕ್ಕೆ ಬಂದಿದ್ದ ಎಂದೂ ಫ್ರ್ಯಾಂಕ್ ಹೇಳಿದ. ಅದನ್ನು ಮನೆಯಲ್ಲಿ ಹೇಳಿದಾಗ ಗೌರಮ್ಮ ತರಕಾರಿ ಹೆಚ್ಚುವುದು ನಿಲ್ಲಿಸಿದಳು.

"ಹಾಗಾದ್ರೆ ಅವನಿಗೂ ಗೊತ್ತಿತ್ತು," ಎಂದಳು. "ಅದಕ್ಕೇ ವಾಪಸ್ಸು ಕೊಟ್ಟ."

ಆ ಕೋಟಿನ ಉಣ್ಣೆಯಲ್ಲಿ ತುಂಡು ಉಳಿದಿತ್ತು. ಸ್ಯಾಲ್ ತೆಗೆದುಕೊಂಡು ಹೋಗು ಎಂದ. ಸಾವಿತ್ರಿಯ ದಾರ ಬಿಡಿಸಿಕೊಂಡು ಎರಡು ಪುಟ್ಟ ಕೆಂಪು ಕೋಟು ಹೊಲಿದೆ. ಗಂಟು ಹಾಕಿದ ದಾರ ಬೆಳೆಯುವುದಿಲ್ಲ, ಮಕ್ಕಳು ಬೆಳೆಯುತ್ತಾರೆ. ಎಷ್ಟು ಬೆಳೆದಿದ್ದಾರೋ, ಇನ್ನೆಷ್ಟು ವರ್ಷವೋ ಯಾರಿಗೆ ಗೊತ್ತು. ತೋಳಿಗೆ, ಬದಿಗೆ, ಕೆಳಗೆ, ಮಡಿಚಲು ಸಾಧ್ಯವಾದಷ್ಟೂ ಬಟ್ಟೆ ಒಳಗೆ ಬಿಟ್ಟೆ. ಅಷ್ಟು ಬಟ್ಟೆಯನ್ನು ಜನ್ಮದಲ್ಲಿ ಯಾವ ಗಿರಾಕಿಗೂ ಬಿಟ್ಟಿರಲಿಲ್ಲ. ಊರಿಗೆ ಹೊರಟಿದ್ದ ಭಾವಮೈದನ ಕೈಯಲ್ಲಿ ಕಳಿಸಿದೆ, ಜೊತೆಗೆ ನಾನು ಫ್ರ್ಯಾಂಕ್‌ನ ಕಾಲರ್ ಸರಿಮಾಡುತ್ತಿರುವ ಒಂದು ಫೋಟೋ.

ಫ್ರ್ಯಾಂಕ್‌ನ ಬೇಕರಿಯ ವಿಷಯ ನಾನು ಮರೆತಿರಲಿಲ್ಲ. ಬೇಸಿಗೆಯಲ್ಲಿ ಹೊಲಿದ ಕೋಟು, ಚಳಿಗಾಲದಲ್ಲಿ ಟ್ರೆಂಟನ್ ಯುದ್ಧ ಆಡಿ ತೋರಿಸುವ ದಿನ ಅವನ ಮೈಗೆ ಹತ್ತಿರಕ್ಕೇ ಬರಲಿಲ್ಲ. ಎದೆಯ ಮೇಲೆ ಗುಂಡಿಗೂ ಕಾಜಕ್ಕೂ ಮುಖಾಭೇಟಿಯೇ ಇಲ್ಲ. ಸ್ಯಾಲ್ ತಲೆಯ ಮೇಲೆ ಕೈಹೊತ್ತು ಕೂತ. ನಾನು ಅಸ್ತರು ಬಿಚ್ಚಿ ತೋರಿಸಿದೆ. ಅವನು ಒಳಗಿನ ಬಟ್ಟೆ ನೋಡಿದ, ನನ್ನನ್ನು ನೋಡಿದ. "ಬೇಕರಿಯವರಿಗೆ ಮಾತ್ರ ನುನ್ಸಿಯೊ, ಬೇರೆಯವರಿಗೆ ಬೇಡ" ಎಂದ. ಅಂದಿನಿಂದ ನನ್ನ ಹೊಲಿಗೆಗೆ ಅವನ ಕತ್ತರಿ ಬರಲಿಲ್ಲ.

ಕಣ್ಣು ಮಂಜಾದ ಮೇಲೆ ನಾನು ಕೆಲಸ ಬಿಟ್ಟೆ. ಹೋದ ವರ್ಷ ನಾನೂ ಗೌರಮ್ಮನೂ ಊರಿಗೆ ಹೋದೆವು. ಮಕ್ಕಳ ವೀಸಾ ಸಿದ್ಧವಾಗಿತ್ತು. ಬೀಗರನ್ನು ಒಪ್ಪಿಸಿ ಕರೆದುಕೊಂಡೇ ಬರುವುದು ಎಂದು ಹೊರಟಿದ್ದೆವು. ಎಲ್ಲರೂ ಒಯ್ಯುವ ಹಾಗೆ ಇಬ್ಬರಿಗೂ ಒಂದೊಂದು ಕೈಗಡಿಯಾರ ಒಯ್ದೆ. ಬೀಗರು ಅಂಗಡಿಯ ಗಾದಿಯಿಂದ ಏಳದೆಯೇ, "ಬನ್ನಿ ಬನ್ನಿ, ಲಾಟ್ ಸಾಹೇಬ್ರ ದರ್ಜಿಗಳು ಬಂದ್ರು" ಎಂದರು. ಫೋಟೋವನ್ನು ಗಲ್ಲಾಪೆಟ್ಟಿಗೆಯ ಮೇಲೆ ಒರಗಿಸಿ ಇಟ್ಟಿದ್ದರು, ಬಂದವರಿಗೆಲ್ಲ ತೋರಿಸಿ ಬೈಯಲು.

ಮಾರನೆ ದಿನ ಮಕ್ಕಳು ಕೆಂಪು ಕೋಟು ಹಾಕಿಕೊಂಡು, ಗಡಿಯಾರ ಕಟ್ಟಿಕೊಂಡು, ಸುಲ್ತಾನನ ದರಿಯಾ ದೌಲತ್ ಅರಮನೆಗೆ ಹೋಗೋಣ ಎಂದು ಹಟ ಹಿಡಿದರು. ಇಬ್ಬರು ತಾತಂದಿರೂ ಹೋದೆವು. ಅಲ್ಲಿ ಗೋಡೆಯ ಮೇಲೆ ಆ ಚಿತ್ರ ಇದೆ. ಡೇರೆಯ ಮುಂದೆ ದಪ್ಪಗಿನ ಜನರಲ್, ಅವನ ಮುಂದೆ ಮುತ್ತಿನ ಹಾರ ಹಾಕಿಕೊಂಡ ಇಬ್ಬರು ಪುಟ್ಟ ಮಕ್ಕಳು. ಚಿಕ್ಕವನು ಬೆರಳಿಟ್ಟು ತೋರಿಸಿದ.

"ಇದು ಅಣ್ಣ. ಇದು ನಾನು. ಇದು ತಾತ."

"ಯಾವ ತಾತನೋ?" ಎಂದರು ಬೀಗರು ನಗುತ್ತಾ.

ಮಗು ಚಿತ್ರ ನೋಡಿತು, ನನ್ನನ್ನು ನೋಡಿತು, ಅವರನ್ನು ನೋಡಿತು. ಅದಕ್ಕೆ ಗೊತ್ತಾಗಲಿಲ್ಲ.

ಬೀಗರು ನಗು ನಿಲ್ಲಿಸಿ, "ನೀವೇ ಇರ್ಬೇಕು ಬೀಗರೆ. ಗಡಿಯಾರ ಕೊಟ್ಟೋರು ನೀವು" ಎಂದರು.

"ಇರಬಹುದು," ಎಂದೆ. "ಇಟ್ಕೊಂಡೋರು ನೀವು. ಆ ಪುಣ್ಯಾತ್ಮ ಎರಡು ವರ್ಷಕ್ಕೆ ವಾಪಸ್ಸಾದ್ರೂ ಕಳಿಸಿದ."

ಅವರು ತಿರುಗಿ ಮನೆಯ ಕಡೆ ನಡೆದರು. ಮನೆಯ ತನಕವೂ ಎರಡೂ ಮಕ್ಕಳ ಕೈ ಅವರ ಕೈಯಲ್ಲೇ ಇತ್ತು. ನಾವು ಹೊರಡುವ ದಿನವೂ ಕಳಿಸುತ್ತೇನೆ ಎಂಬ ಮಾತು ಬರಲಿಲ್ಲ. ಹಾಗೇ ಬರಿಗೈಯಲ್ಲಿ ಬಂದೆವು. ಸಾವಿತ್ರಿ ವಿಮಾನ ನಿಲ್ದಾಣದಲ್ಲಿ ನಮ್ಮ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ಬಾಗಿಲನ್ನೇ ನೋಡುತ್ತಿದ್ದಳು. ಆಡಬಾರದ್ದನ್ನು ಆಡಿ ಇದ್ದ ಒಂದು ದಾರಿಯನ್ನೂ ಮುಚ್ಚಿದೆನೇನೋ ಎಂದು ಆ ಚಳಿಗಾಲವೆಲ್ಲ ನನಗೆ ಸರಿಯಾಗಿ ಅನ್ನ ಇಳಿಯಲಿಲ್ಲ.

ಈ ಸಲ ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಗ್ಗೆ ಫೋನು ಬಂತು. ಪೋಸ್ಟಾಫೀಸಿನಿಂದ ಬೀಗರು. ಇಡೀ ಶ್ರೀರಂಗಪಟ್ಟಣಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು.

"ಬೀಗರೆ, ಆ ಕೆಂಪು ಕೋಟು!"

"ಏನಾಯ್ತು ಬೀಗರೆ?"

"ವರ್ಷಾ ವರ್ಷಾ ಹಬ್ಬಕ್ಕೆ ಬಿಚ್ಚಿಸಿ ದೊಡ್ಡದು ಮಾಡಿಸ್ತಿದ್ದೆ. ಹೊಸದು ಕೊಡಿಸ್ತೀನಿ ಅಂದ್ರೆ ಹುಡುಗರು ಕೇಳಲ್ಲ. ಈ ವರ್ಷ ದರ್ಜಿ ಒಳಗೆ ಕೈಹಾಕಿ ನೋಡಿ, ಇನ್ನಿಲ್ಲ ಸ್ವಾಮಿ ಅಂದ." ಆಮೇಲೆ ದನಿ ಇಳಿಯಿತು. "ನೀವು ಒಳಗೆ ಬಿಟ್ಟಿದ್ದ ಬಟ್ಟೆ ಮುಗೀತು ಬೀಗರೆ. ನಾನೇ ಕರ್ಕೊಂಡು ಬರ್ತೀನಿ."

ಫೋನು ಇಟ್ಟು ಎಲ್ಲರಿಗೂ ಹೇಳುವಷ್ಟರಲ್ಲಿ ಸಾವಿತ್ರಿ ನನ್ನ ಮುಖ ನೋಡಿಯೇ ಗಂಡನನ್ನು ಕರೆಯಲು ಒಳಗೆ ಓಡಿದಳು.

ಇವತ್ತು ನಮ್ಮ ಪುಟ್ಟ ಕಾರಿನಲ್ಲಿ ಎಲ್ಲರೂ ಹಿಡಿಯುವುದಿಲ್ಲವೆಂದು ಫ್ರ್ಯಾಂಕ್ ಬೇಕರಿಯ ವ್ಯಾನು ತಂದಿದ್ದ. ಬಾಗಿಲು ತೆರೆದಾಗ ನಾನು ಮೊದಲು ನೋಡಿದ್ದು ಮುಖಗಳನ್ನಲ್ಲ, ತೋಳುಗಳನ್ನು. ದರ್ಜಿಯ ಬುದ್ಧಿ ಎಲ್ಲಿ ಹೋಗುತ್ತದೆ. ತೋಳಿನ ತುದಿಯಲ್ಲಿ ಪಟ್ಟೆ ಪಟ್ಟೆ. ಮೇಲೆ ಬಿಸಿಲಿಗೆ ಮಾಸಿದ ಕೆಂಪು, ಅದರ ಕೆಳಗೆ ಸ್ವಲ್ಪ ಗಾಢ, ಕೊನೆಗೆ ನಾನು ಹೊಲಿದ ದಿನದ ಹಾಗೇ ಇದ್ದ ಹೊಸ ಕೆಂಪು. ಒಂದೊಂದು ವರ್ಷ ಬಿಚ್ಚಿದ ಗುರುತು ಅದು. ಅಷ್ಟಾದರೂ ಮುಂಗೈ ಹೊರಗೇ ಇತ್ತು. ಸಾವಿತ್ರಿ ಮೊಣಕಾಲೂರಿ ಕೂತು ಕೈ ಚಾಚಿದಳು. ದೊಡ್ಡವನು ನೇರ ಹೋದ. ಚಿಕ್ಕವನು ಬೀಗರ ಪಂಚೆಯ ಹಿಂದೆ ಸರಿದ. ಬೀಗರು ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿ, ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಅದನ್ನು ನೋಡಿದ ಮೇಲೆ ಬೀಗರ ಮೇಲಿದ್ದ ಸಿಟ್ಟನ್ನು ಎಲ್ಲಿ ಇಟ್ಟೆನೋ, ಹುಡುಕಿದರೂ ಸಿಕ್ಕುತ್ತಿಲ್ಲ.

ಬೀಗರಿಗೆ ಫ್ರ್ಯಾಂಕ್‌ನನ್ನು ತೋರಿಸಿ, ಇವರೇ ನಮ್ಮ ಜೋಳದ ಸಾಹೇಬರು ಎಂದೆ. ಫ್ರ್ಯಾಂಕ್ ಎದೆಯ ಮೇಲೆ ಕೈಯಿಟ್ಟು ನಾಟಕದಲ್ಲಿ ಮಾಡುವ ಹಾಗೆ ಬಾಗಿದ. ಬೀಗರು ಮೇಲಿಂದ ಕೆಳಗೆ ನೋಡಿ, "ಇವನೇನಾ? ಪಾಪ, ಒಳ್ಳೆ ಮನುಷ್ಯನ ಥರ ಇದಾನಲ್ರಿ" ಎಂದರು.

ವ್ಯಾನಿನಲ್ಲಿ ಬೀಗರು ತೆಳ್ಳಗಿನ ಅಂಗಿಯಲ್ಲಿ ನಡುಗುತ್ತಿದ್ದರು. ಮನೆಗೆ ಬಂದವನೇ ಅಳತೆ ಪಟ್ಟಿ ತೆಗೆದೆ, ಬೂದುಬಣ್ಣದ ಒಳ್ಳೆ ಉಣ್ಣೆ ಮನೆಯಲ್ಲಿತ್ತು. ಅವರು ಕೈಯೆತ್ತಿ ನಿಂತು, "ಒಳಗೆ ಬಟ್ಟೆಗಿಟ್ಟೆ ಬಿಡಬೇಡಿ ಬೀಗರೆ. ಹದಿನೈದು ದಿನ ಅಷ್ಟೆ, ನಾನು ವಾಪಸ್ಸು ಹೋಗೋನು" ಎಂದರು. ಆಗಲಿ ಎಂದೆ.

ಇಷ್ಟು ಬರೆಯುವಾಗ ಒಳಗೆ ಮಕ್ಕಳು ಎದ್ದ ಸದ್ದಾಯಿತು, ಪೆನ್ನು ಇಟ್ಟೆ. ಮಿಕ್ಕ ಇಷ್ಟನ್ನು ಊಟ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಮೇಜಿಗೆ ಎಲ್ಲರೂ ಹಿಡಿಯಲಿಲ್ಲ. ನೆಲದ ಮೇಲೆ ಚಾದರ ಹಾಸಿ ಸಾಲಾಗಿ ಕೂತೆವು. ಬೀಗರು ತಂದ ರಾಗಿಹಿಟ್ಟಿನ ಮುದ್ದೆ, ಅನ್ನ, ಹಪ್ಪಳ, ಫ್ರ್ಯಾಂಕ್ ಕೊಟ್ಟು ಹೋದ ಉದ್ದನೆ ಬ್ರೆಡ್ಡು. ಇಲ್ಲಿ ಅವರೆಕಾಳು ಸಿಕ್ಕುವುದಿಲ್ಲ, ಲೈಮಾ ಬೀನ್ಸ್ ಎಂದು ಒಂದು ಬರುತ್ತದೆ, ಗೌರಮ್ಮ ಅದರಲ್ಲೇ ಸಾರು ಮಾಡುತ್ತಾಳೆ. ಬೀಗರು ಒಂದು ಕಾಳನ್ನು ಬೆರಳಲ್ಲಿ ಎತ್ತಿ, "ಇದು ಅವರೆಕಾಳಲ್ಲ" ಎಂದರು. ಗೌರಮ್ಮ, "ಅದರ ದೊಡ್ಡಪ್ಪನ ಮಗ. ಊಟ ಮಾಡಿ" ಎಂದಳು. ಮಂಜುನಾಥ ಅಪ್ಪನ ಪಕ್ಕದಲ್ಲಿ ಕೂತು ಅವರ ತಟ್ಟೆಗೆ ತುಪ್ಪ ಹಾಕುತ್ತಿದ್ದ, ಅವರು ಸಾಕು ಎನ್ನುತ್ತಲೇ ತಟ್ಟೆ ಮುಂದಕ್ಕೆ ಸರಿಸುತ್ತಿದ್ದರು. ಚಿಕ್ಕವನು ಮಧ್ಯಾಹ್ನದಿಂದ ಯಾರನ್ನೂ ಏನೂ ಕರೆದಿರಲಿಲ್ಲ. ಖಾಲಿ ತಟ್ಟೆ ನೋಡಿಕೊಂಡು, ತಲೆ ಎತ್ತದೆ, "ಅಮ್ಮಾ, ಇನ್ನೊಂದು ಹಪ್ಪಳ" ಎಂದ.

ಎಲ್ಲರೂ ಏನೂ ಆಗದವರ ಹಾಗೆ ಊಟ ಮಾಡುತ್ತಲೇ ಇದ್ದೆವು. ಸಾವಿತ್ರಿ ತನ್ನ ತಟ್ಟೆಯ ಹಪ್ಪಳವನ್ನೇ ಎತ್ತಿ ಕೊಟ್ಟಳು.

ಬೀಗರು ಎರಡನೆಯ ಮುದ್ದೆ ಮುಗಿಸಿ, ಸಾರಿಗೆ ಬ್ರೆಡ್ಡು ಅದ್ದಿ ತಿಂದು, ಸೊಸೆಯನ್ನೂ ಮೊಮ್ಮಕ್ಕಳನ್ನೂ ಸ್ವಲ್ಪ ಹೊತ್ತು ನೋಡುತ್ತಾ ಕೂತರು. ಆಮೇಲೆ ತಟ್ಟೆಯನ್ನು ಗೌರಮ್ಮನ ಕಡೆಗೆ ಸರಿಸಿ, ನನ್ನ ಕಡೆ ತಿರುಗದೆಯೇ ಹೇಳಿದರು.

"ಬೀಗರೆ, ನನ್ನ ಕೋಟಿಗೂ ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರಿ."